ನಮ್ಮೂರ ಶಾಲೆಯ ಬೀರು ತೆರೆಯಲಿ

ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ತಂದೆ ತಾಯಂದಿರಿಗೆ, ಹಳೆಯ ವಿದ್ಯಾರ್ಥಿಗಳಿಗೆ, ಪಂಚಾಯ್ತಿ ಸದಸ್ಯರಿಗೆ, ಊರ ಯಜಮಾನರಿಗೆ ಈ ಮನವಿ. ಈ ವಾರ ಸ್ವಲ್ಪ ಬಿಡುವು ಮಾಡಿಕೊಂಡು ನಿಮ್ಮೂರಿನ ಸರ್ಕಾರಿ ಪ್ರಾಥಮಿಕ ಶಾಲೆಗೆ ಒಮ್ಮೆ ಹೋಗಿ ಬನ್ನಿ. ಮೇಷ್ಟ್ರಿಗೋ ಮೇಡಂಗೋ ನಮಸ್ಕಾರ ಹೇಳಿ, ‘ಮಕ್ಕಳ ಕಥೆ ಪುಸ್ತಕ ಎಲ್ಲಿಟ್ಟಿದ್ದೀರಿ?’ ಎಂದು ಕೇಳಿ.

ಬಹಳಷ್ಟು ಕಡೆ ಸಿಗುವ ಉತ್ತರ ಒಂದೇ: ಬೀರುವಿನಲ್ಲಿ. ಬೀರು ಇರುವುದು ಮುಖ್ಯಶಿಕ್ಷಕರ ಕೊಠಡಿಯಲ್ಲಿ. ಮೇಲಿನ ಅರೆಗಳಲ್ಲಿ ದಾಖಲಾತಿ ವಹಿ, ಹಾಜರಿ ಪುಸ್ತಕ, ಬಿಸಿಯೂಟದ ಲೆಕ್ಕ. ಕೆಳಗಿನ ಅರೆಗಳಲ್ಲಿ ಕಥೆ ಪುಸ್ತಕ. ಒಂದನ್ನು ಎತ್ತಿಕೊಂಡು ಬಿಡಿಸಿ ನೋಡಿ. ಅಂಟು ಒಣಗಿ ಗಟ್ಟಿಯಾದ ಪುಸ್ತಕದ ಬೆನ್ನು ಚಟಚಟ ಎನ್ನುತ್ತದೆ, ಯಾಕೆಂದರೆ ಅದನ್ನು ಅದುವರೆಗೆ ಯಾರೂ ಪೂರ್ತಿ ಬಿಡಿಸಿಯೇ ಇಲ್ಲ. ಮೊದಲ ಪುಟದಲ್ಲಿ ಶಾಲೆಯ ದುಂಡು ಮೊಹರು, ದಾಸ್ತಾನು ಸಂಖ್ಯೆ, ಪುಸ್ತಕ ಬಂದ ವರ್ಷ. ಒಳಪುಟಗಳಲ್ಲಿ ಒಂದು ಎಣ್ಣೆ ಕೈಯ ಗುರುತಿಲ್ಲ, ಮಡಚಿದ ಮೂಲೆಯಿಲ್ಲ. ಮೊಹರಿನ ಪಕ್ಕದ ವರ್ಷ ಹತ್ತು ವರ್ಷ ಹಿಂದಿನದಾಗಿದ್ದರೆ ಒಂದು ಲೆಕ್ಕ ಹಾಕಿ: ಆ ವರ್ಷ ಒಂದನೇ ತರಗತಿಗೆ ಸೇರಿದ ಮಗು ಆ ಪುಸ್ತಕವನ್ನು ಮುಟ್ಟದೆಯೇ ಎಸ್ಸೆಸ್ಸೆಲ್ಸಿ ಮುಗಿಸಿದೆ.

ಎಲ್ಲ ಶಾಲೆಗಳೂ ಹೀಗಿವೆ ಎಂದರೆ ತಪ್ಪಾಗುತ್ತದೆ. ಕಿಟಕಿಯ ಸರಳಿನಿಂದ ಸರಳಿಗೆ ನೈಲಾನ್ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಪುಸ್ತಕಗಳನ್ನು ಮಕ್ಕಳ ಎತ್ತರಕ್ಕೆ ತೂಗುಹಾಕಿರುವ ಶಾಲೆಗಳೂ ನಮ್ಮಲ್ಲಿವೆ. ಅಂಥ ಕಡೆ ಊಟದ ಬಿಡುವಿನಲ್ಲಿ ಹೋಗಿ ನಿಲ್ಲಬೇಕು. ಮೂರನೇ ತರಗತಿಯ ಹುಡುಗಿ ಕೈ ಒರೆಸಿಕೊಂಡು ಬಂದು, ಮೊದಲು ಚಿತ್ರ ನೋಡಿ ಪುಸ್ತಕ ಆರಿಸುತ್ತಾಳೆ. ಗೋಡೆಗೆ ಒರಗಿ ಕುಳಿತು, ಅಕ್ಷರದ ಕೆಳಗೆ ಬೆರಳಿಟ್ಟು ಮೆಲ್ಲಗೆ ತುಟಿಯಾಡಿಸುತ್ತಾಳೆ. ಒತ್ತಕ್ಷರ ಬಂದ ಕಡೆ ಬೆರಳು ನಿಲ್ಲುತ್ತದೆ. ಹಿಂದಕ್ಕೆ ಹೋಗಿ ಮತ್ತೆ ಓದುತ್ತಾಳೆ. ಪದ ಕೈಗೆ ಸಿಕ್ಕಿದ ಕೂಡಲೇ ಪಕ್ಕದವಳ ಮೊಣಕೈ ತಿವಿದು ಜೋರಾಗಿ ಹೇಳುತ್ತಾಳೆ. ಯಾರೂ ಅವಳಿಗೆ ಓದು ಎಂದು ಹೇಳಿಲ್ಲ, ಪರೀಕ್ಷೆಯಲ್ಲಿ ಅದು ಬರುವುದೂ ಇಲ್ಲ. ಪಠ್ಯಪುಸ್ತಕದಲ್ಲಿ ಕಲಿತ ಅಕ್ಷರ ತನ್ನದಾಗುವುದು ಅವಳಿಗೆ ಇಲ್ಲಿ. ಒಂದರಿಂದ ಮೂರರವರೆಗೆ ನಲಿ ಕಲಿಯ ಕಾರ್ಡಿನಲ್ಲಿ ಅಕ್ಷರ ಕೂಡಿಸಿದ ಮಗುವಿಗೆ ನಾಲ್ಕನೇ ತರಗತಿಯಲ್ಲಿ ಒಮ್ಮೆಲೇ ಉದ್ದನೆಯ ಪಾಠಗಳು ಎದುರಾಗುತ್ತವೆ. ಆ ನಡುವಿನ ದಾರಿಯಲ್ಲಿ ಕೈಹಿಡಿದು ದಾಟಿಸುವುದು ಇಂಥ ಹತ್ತು ಹನ್ನೆರಡು ಪುಟದ ತೆಳು ಪುಸ್ತಕಗಳು. ಅದೇ ಕೈತಪ್ಪಿದರೆ, ಏಳನೇ ತರಗತಿಗೆ ಬಂದರೂ ತಡವರಿಸುತ್ತಾ ಓದುವ ಮಗುವನ್ನು ನೋಡಿ ಮೇಷ್ಟ್ರು ಬೇಸರ ಪಡುತ್ತಾರೆ, ತಂದೆ ತಾಯಿ ಸಾಲ ಮಾಡಿ ಕಾನ್ವೆಂಟಿಗೆ ಸೇರಿಸುತ್ತಾರೆ.

ಪುಸ್ತಕದ ವಿಚಾರದಲ್ಲಿ ನಮ್ಮ ಸೀಮೆ ಬಡವಲ್ಲ. ಪಾಂಡವಪುರದ ಪಕ್ಕದ ಹರಳಹಳ್ಳಿಯ ‘ಪುಸ್ತಕ ಮನೆ’ ಇವತ್ತು ದೇಶಕ್ಕೇ ಗೊತ್ತು. ಚಿನಕುರಳಿಯ ರೈತ ಕುಟುಂಬದಲ್ಲಿ ಹುಟ್ಟಿದ ಅಂಕೇಗೌಡರು ಬಸ್ ಕಂಡಕ್ಟರ್ ಆಗಿದ್ದ ಹರೆಯದಲ್ಲಿ ಪುಸ್ತಕ ಕೂಡಿಸಲು ಶುರುಮಾಡಿದರು. ಆಮೇಲೆ ಕನ್ನಡ ಎಂ.ಎ. ಮಾಡಿಕೊಂಡರು, ಸಕ್ಕರೆ ಕಾರ್ಖಾನೆಯಲ್ಲಿ ಸುಮಾರು ಮೂರು ದಶಕ ದುಡಿದರು. ಸಂಬಳದ ಬಹುಪಾಲನ್ನು ಪುಸ್ತಕಕ್ಕೇ ಹಾಕಿದರು, ಮೈಸೂರಿನಲ್ಲಿದ್ದ ಆಸ್ತಿಯನ್ನೂ ಅದಕ್ಕಾಗಿಯೇ ಮಾರಿದರು. ಈಗ ಅಲ್ಲಿರುವುದು ಸುಮಾರು 20 ಲಕ್ಷ ಪುಸ್ತಕ. ಪ್ರವೇಶಕ್ಕೆ ಶುಲ್ಕವಿಲ್ಲ, ಸದಸ್ಯತ್ವದ ಕಟ್ಟಳೆಯಿಲ್ಲ, ಯಾರು ಬೇಕಾದರೂ ಹೋಗಿ ಕುಳಿತು ಓದಬಹುದು. 2026ರ ಗಣರಾಜ್ಯೋತ್ಸವದ ಹೊತ್ತಿಗೆ ಕೇಂದ್ರ ಸರ್ಕಾರ ಅವರಿಗೆ ಪದ್ಮಶ್ರೀ ಘೋಷಿಸಿದಾಗ ನಾವೆಲ್ಲ ಹೆಮ್ಮೆಪಟ್ಟೆವು, ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿಕೊಂಡೆವು. ಆ ಹೆಮ್ಮೆ ನ್ಯಾಯವಾದದ್ದೇ. ಆದರೆ ಬಿಂಡಿಗನವಿಲೆ ಹೋಬಳಿಯ ಒಂದು ಕೊಪ್ಪಲಿನ ಏಳು ವರ್ಷದ ಮಗು ಹರಳಹಳ್ಳಿಗೆ ಹೇಗೆ ಬರಬೇಕು? ಎರಡು ಬಸ್ಸು ಬದಲಾಯಿಸಿ, ಕೂಲಿ ಬಿಟ್ಟು ಕರೆತರುವವರು ಯಾರು? ಆ ಮಗುವಿನ ಪಾಲಿಗೆ ಗ್ರಂಥಾಲಯ ಎಂದರೆ ನಡೆದು ಹೋಗುವಷ್ಟು ಹತ್ತಿರ, ಕೈಗೆ ಎಟುಕುವಷ್ಟು ತಗ್ಗಿನಲ್ಲಿ ಇರಬೇಕು. ಅಂಥ ಜಾಗ ಶಾಲೆ ಒಂದೇ. ಒಬ್ಬ ಮನುಷ್ಯ ತನ್ನ ಸಂಬಳದಲ್ಲಿ 20 ಲಕ್ಷ ಪುಸ್ತಕ ಕೂಡಿಸಿ ಇಟ್ಟ ನೆಲದಲ್ಲಿ, ಒಂದು ಊರು ಸೇರಿ 200 ಪುಸ್ತಕವನ್ನು ಮಕ್ಕಳ ಕೈಗೆ ಕೊಡಲಾರದೆ?

ಇದೇ ನೆಲದಲ್ಲಿ ಇನ್ನೊಂದು ಪುಸ್ತಕ ಭಂಡಾರವೂ ಇತ್ತು. ಶ್ರೀರಂಗಪಟ್ಟಣದ ಅರಮನೆಯಲ್ಲಿ ಟಿಪ್ಪು ಸುಲ್ತಾನನ ಗ್ರಂಥಾಲಯದಲ್ಲಿ ಅರಬ್ಬಿ, ಪಾರ್ಸಿ ಮೊದಲಾದ ಭಾಷೆಗಳ ಸುಮಾರು 2,000 ಹಸ್ತಪ್ರತಿಗಳಿದ್ದವು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅವು ಈಸ್ಟ್ ಇಂಡಿಯಾ ಕಂಪನಿಯವರ ಕೈಸೇರಿದವು. ಕಲ್ಕತ್ತೆಗೆ ಕೆಲವು, ಲಂಡನ್ನಿಗೆ ಕೆಲವು ಹೋದವು. 1809ರಲ್ಲಿ ಚಾರ್ಲ್ಸ್ ಸ್ಟುವರ್ಟ್ ಎಂಬ ಪ್ರಾಧ್ಯಾಪಕ ಅವುಗಳ ಪಟ್ಟಿಯನ್ನು ಅಚ್ಚು ಹಾಕಿಸಿದ. ಗಂಜಾಮಿನ ನೇಕಾರನ ಮಗನಾಗಲಿ ಪಾಲಹಳ್ಳಿಯ ರೈತನ ಮಗಳಾಗಲಿ ಆ ಪುಸ್ತಕಗಳನ್ನು ಕಣ್ಣಲ್ಲಿ ಕಂಡಿರಲಾರರು. ಅರಸರ ಕಾಲದಲ್ಲಿ ಅದು ಸಹಜವಾಗಿತ್ತು. ನಮ್ಮ ಕಾಲದಲ್ಲಿ, ನಮ್ಮದೇ ತೆರಿಗೆಯ ಹಣದಲ್ಲಿ ಬಂದ ಮಕ್ಕಳ ಪುಸ್ತಕ ಬೀಗದ ಹಿಂದೆ ಇರುವುದಕ್ಕೆ ಯಾವ ಸಮಜಾಯಿಷಿಯೂ ಇಲ್ಲ.

ತೆರಿಗೆಯ ಮಾತು ಸುಮ್ಮನೆ ಬರಲಿಲ್ಲ. ನಿಮ್ಮ ಮನೆ ಕಂದಾಯದ ರಸೀದಿಯನ್ನು ಒಮ್ಮೆ ಕೈಗೆ ತೆಗೆದುಕೊಳ್ಳಿ. ಆರೋಗ್ಯ ಕರ, ಶಿಕ್ಷಣ ಕರಗಳ ಸಾಲಿನಲ್ಲೇ ಗ್ರಂಥಾಲಯ ಕರ ಎಂದಿರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ತಂದ ಕರ ಅದು; ಇವತ್ತು ನೂರು ರೂಪಾಯಿ ಕಂದಾಯಕ್ಕೆ ಆರು ರೂಪಾಯಿ. ಗುಡಿಸಲಿನವರೂ ಕಟ್ಟಿದ್ದಾರೆ, ತಾರಸಿ ಮನೆಯವರೂ ಕಟ್ಟಿದ್ದಾರೆ. ಇನ್ನು ಶಾಲೆಯ ವಿಚಾರಕ್ಕೆ ಬಂದರೆ 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲೇ ಸ್ಪಷ್ಟವಾಗಿದೆ: ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕೆ, ಎಲ್ಲ ವಿಷಯಗಳ ಪುಸ್ತಕ ಮತ್ತು ಕಥೆ ಪುಸ್ತಕಗಳೂ ಇರಬೇಕು. ಕಥೆ ಪುಸ್ತಕ ಎಂಬ ಮಾತನ್ನು ಸಂಸತ್ತು ಬಿಡಿಸಿ ಬರೆದಿದೆ. ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಲ್ಲಿ ಐದನೇ ತರಗತಿವರೆಗಿನ ಸರ್ಕಾರಿ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ, ಒಂದರಿಂದ ಎಂಟನೇ ತರಗತಿವರೆಗಿನ ಶಾಲೆಗೆ 13,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ನಮ್ಮೂರ ಶಾಲೆಗೆ ಈ ಅನುದಾನ ಈ ಸಾಲಿನಲ್ಲಿ ಬಂತೇ, ಬಂದರೆ ಯಾವ ಪುಸ್ತಕ ಬಂದವು ಎಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೇಳುವುದು ನಿಮ್ಮ ಹಕ್ಕು. ಜಗಳದ ದನಿಯಲ್ಲಿ ಕೇಳಬೇಡಿ. ತಿಳಿದುಕೊಳ್ಳುವ ದನಿಯಲ್ಲಿ ಕೇಳಿ.

ಹಾಗೆ ಹೇಳಲು ಕಾರಣವಿದೆ. ಬೀರುವಿಗೆ ಬೀಗ ಹಾಕಿದ ಮೇಷ್ಟ್ರು ಮಕ್ಕಳ ವೈರಿಯಲ್ಲ. ಅವರ ಕಷ್ಟ ನಮಗೆ ಅರ್ಥವಾಗದೆ ಈ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಬೀರುವಿನಲ್ಲಿರುವ ಪ್ರತಿ ಪುಸ್ತಕಕ್ಕೂ ದಾಸ್ತಾನು ವಹಿಯಲ್ಲಿ ಒಂದು ಸಾಲು ಇದೆ, ಆ ಸಾಲಿಗೆ ಮುಖ್ಯಶಿಕ್ಷಕರ ಸಹಿ ಇದೆ. ಅವರಿಗೆ ವರ್ಗವಾದ ದಿನ ಚಾರ್ಜ್ ಕೊಡುವಾಗ ಬಂದವರು ವಹಿ ಹಿಡಿದು ಎಣಿಸುತ್ತಾರೆ. ನಾಲ್ಕು ಪುಸ್ತಕ ಕಡಿಮೆ ಬಂದರೆ ಉತ್ತರ ಹೇಳಬೇಕಾದವರು ಅವರೇ. ‘ಮಕ್ಕಳು ಹರ್ದಾಕ್ತವೆ, ಮನೆಗೆ ತಕ್ಕೊಂಡೋದ್ರೆ ವಾಪಸ್ ಬರಾಕಿಲ್ಲ, ನಾನ್ಯಾಕ್ ಕೈಯಿಂದ ಕಟ್ಕೊಡ್ಲಿ ಹೇಳಿ’ ಎಂದು ಅವರು ಕೇಳಿದರೆ ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮೊಟ್ಟೆಯ ಲೆಕ್ಕ, ಆನ್‌ಲೈನ್ ಮಾಹಿತಿ, ಗಣತಿ, ಚುನಾವಣೆ ಕೆಲಸ ಎಲ್ಲವನ್ನೂ ಹೊತ್ತಿರುವ ಇಬ್ಬರೇ ಶಿಕ್ಷಕರ ಶಾಲೆಯಲ್ಲಿ ಪುಸ್ತಕ ಕಳೆದ ಚಿಂತೆಯನ್ನೂ ಹೊರು ಎಂದರೆ ಯಾರೂ ಒಪ್ಪುವುದಿಲ್ಲ.

ಈ ಭಯವನ್ನು ತೆಗೆಯುವುದು ಊರಿನ ಕೈಯಲ್ಲಿದೆ. ಗ್ರಂಥಾಲಯದಲ್ಲಿ ಸ್ವಲ್ಪ ಪುಸ್ತಕ ಕಳೆಯುವುದು ಸಹಜ ಎಂದು ಸರ್ಕಾರಿ ಲೆಕ್ಕಾಚಾರವೇ ಒಪ್ಪಿಕೊಂಡಿದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಕ್ಕೆ ಐದು ಕಳೆದರೆ ಅದನ್ನು ಸಮಂಜಸ ನಷ್ಟ ಎಂದು ಭಾವಿಸಬಹುದು. ಅದರ ಹಿಂದೆ ಮೋಸ, ಅಲಕ್ಷ್ಯ ಇರಬಾರದು ಅಷ್ಟೆ. ಆ ನಿಯಮ ಕೇಂದ್ರದ ಕಚೇರಿಗಳಿಗೆ ಬರೆದದ್ದು, ನಿಜ. ಆದರೆ ದೊಡ್ಡವರು ಓದುವ ಗ್ರಂಥಾಲಯಕ್ಕೆ ಇರುವ ಔದಾರ್ಯ ಆರು ವರ್ಷದ ಮಕ್ಕಳ ಗ್ರಂಥಾಲಯಕ್ಕೆ ಇನ್ನೂ ಹೆಚ್ಚಾಗಿ ಬೇಕು. ಅದಕ್ಕೇ ಎಸ್‌ಡಿಎಂಸಿ ಸದಸ್ಯರಲ್ಲಿ ಕೇಳಿಕೊಳ್ಳುವುದು ಇಷ್ಟು: ಪ್ರತಿವರ್ಷ ಮಾರ್ಚಿನಲ್ಲಿ ಒಂದು ಸಭೆ ಮಾಡಿ. ಹರಿದ, ಸವೆದ, ಕಳೆದ ಪುಸ್ತಕಗಳ ಪಟ್ಟಿಯನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ, ಬಿಇಒ ಕಚೇರಿಗೆ ಕಳಿಸಿ ದಾಸ್ತಾನಿನಿಂದ ತೆಗೆಸಲು ಕೋರಿ. ಹೋದ ಪುಸ್ತಕಗಳ ಬದಲು ಅಷ್ಟನ್ನು ಊರಿನಿಂದ ಕೊಡಿಸುತ್ತೇವೆ ಎಂದು ಅದೇ ನಡಾವಳಿಯಲ್ಲಿ ಬರೆಯಿರಿ. ಮೇಷ್ಟ್ರ ಒಬ್ಬರ ಸಹಿಯ ಪಕ್ಕದಲ್ಲಿ ಊರಿನ ಹದಿನೆಂಟು ಸಹಿ ಬಿದ್ದ ದಿನ ಬೀರುವಿನ ಬಾಗಿಲು ತಾನಾಗಿಯೇ ಸಡಿಲವಾಗುತ್ತದೆ. ಜಿಲ್ಲೆಯ ಶಿಕ್ಷಣಾಧಿಕಾರಿಗಳಲ್ಲಿಯೂ ನಮ್ಮ ವಿನಂತಿ ಇದೇ. ಹರಿದ ಮಕ್ಕಳ ಪುಸ್ತಕಕ್ಕೆ ಶಿಕ್ಷಕರಿಂದ ವಸೂಲಿ ಇಲ್ಲ ಎಂದು ಒಂದು ಸುತ್ತೋಲೆ ಹೊರಡಿಸಿ. ಸರ್ಕಾರಕ್ಕೆ ಒಂದು ರೂಪಾಯಿ ಖರ್ಚಿಲ್ಲದ ಆ ಸುತ್ತೋಲೆಯಿಂದ ಆಗುವಷ್ಟು ಉಪಕಾರ ಹೊಸ ಬೀರುಗಳಿಂದ ಆಗುವುದಿಲ್ಲ.

ಪುಸ್ತಕವಿರುವುದು ಬಳಸುವುದಕ್ಕೆ ಎಂಬುದನ್ನೇ ಗ್ರಂಥಾಲಯ ವಿಜ್ಞಾನದ ತಮ್ಮ ಐದು ಸೂತ್ರಗಳಲ್ಲಿ ಮೊದಲನೆಯದಾಗಿ ಇಟ್ಟವರು ಎಸ್.ಆರ್. ರಂಗನಾಥನ್. 1931ರಲ್ಲಿ ಆ ಸೂತ್ರಗಳ ಗ್ರಂಥ ಬರೆದ ಅವರು ಬದುಕಿನ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ, 1972ರಲ್ಲಿ ತೀರಿಕೊಂಡದ್ದೂ ಅಲ್ಲೇ. ಪ್ರತಿವರ್ಷ ಆಗಸ್ಟ್ 12ರಂದು ಅವರ ಹೆಸರಿನಲ್ಲಿ ಗ್ರಂಥಪಾಲಕರ ದಿನ ಆಚರಿಸುತ್ತೇವೆ. ಆದರೆ ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಪಾಲಕರ ಹುದ್ದೆಯೇ ಇಲ್ಲ. ಒಂದು ಹೋಲಿಕೆ ಮಾಡಿ ನೋಡಿ. 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ನಮ್ಮ ಕಡೆಗೂ ಬಂದ ಅಕ್ಷರ ದಾಸೋಹದ ಬಿಸಿಯೂಟಕ್ಕೆ ಅಡುಗೆಮನೆ ಕಟ್ಟಿಸಿದರು, ಅಡುಗೆಯವರನ್ನು ನೇಮಿಸಿದರು, ಗ್ಯಾಸ್ ಕೊಟ್ಟರು. 2013ರಲ್ಲಿ ಹಾಲು ಕೊಡುವ ಕ್ಷೀರಭಾಗ್ಯ ಬಂತು, ಆಮೇಲೆ ಮೊಟ್ಟೆ ಬಂತು. ಹಸಿದ ಮಗು ಕಲಿಯಲಾರದು ಎಂದು ಸಮಾಜ ಒಪ್ಪಿಕೊಂಡದ್ದರಿಂದ ಇದೆಲ್ಲ ಆಯಿತು. ಓದಲು ಪುಸ್ತಕವಿಲ್ಲದ ಮಗುವೂ ಕಲಿಯಲಾರದು. ಅದನ್ನು ಅಷ್ಟೇ ಗಟ್ಟಿಯಾಗಿ ನಾವು ಇನ್ನೂ ಹೇಳಿಲ್ಲ.

ಹುದ್ದೆ ಬರುವವರೆಗೆ ಕಾಯಬೇಕಾಗಿಲ್ಲ. ವಾರಕ್ಕೆ ಎರಡು ಅವಧಿ ಓದಿಗೆಂದೇ ವೇಳಾಪಟ್ಟಿಯಲ್ಲಿ ಬರೆಸಿ, ಬೇರೆ ಪಾಠ ಬಾಕಿಯಿದೆ ಎಂದು ಅದನ್ನು ಕಿತ್ತುಕೊಳ್ಳದಂತೆ ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಪುಸ್ತಕ ಕೊಡುವ, ತೆಗೆದುಕೊಳ್ಳುವ ವಹಿಯನ್ನು ಐದನೇ, ಆರನೇ ತರಗತಿಯ ಮಕ್ಕಳೇ ಬರೆಯಲಿ. ಅವರಷ್ಟು ಕಟ್ಟುನಿಟ್ಟಾಗಿ ದೊಡ್ಡವರೂ ಬರೆಯುವುದಿಲ್ಲ. ಯಾರ ಹತ್ತಿರ ಯಾವ ಪುಸ್ತಕ ಎಷ್ಟು ದಿನದಿಂದ ಇದೆ ಎಂಬುದು ಅವರ ನಾಲಿಗೆ ತುದಿಯಲ್ಲಿ ಇರುತ್ತದೆ. ಶನಿವಾರ ಬೆಳಗ್ಗೆ ಊರಿನ ಯಾರಾದರೂ ಒಬ್ಬರು ಅರ್ಧ ಗಂಟೆ ಹೋಗಿ ಕಥೆ ಓದಿ ಹೇಳಲಿ. ನಿವೃತ್ತ ಮೇಷ್ಟ್ರು, ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು, ಡಿಗ್ರಿ ಮುಗಿಸಿ ಊರಲ್ಲಿರುವ ಹುಡುಗರು, ಯಾರಾದರೂ ಸರಿ. ಆದಿಚುಂಚನಗಿರಿಯ ಸುತ್ತ ಎಷ್ಟೊಂದು ಕಾಲೇಜುಗಳಿವೆ! ಡಾ. ಬಾಲಗಂಗಾಧರನಾಥ ಸ್ವಾಮೀಜಿಯವರು 1974ರಲ್ಲಿ ಅಲ್ಲಿನ ಮಠದ ಪೀಠವೇರಿದ ಮೇಲೆ ಹಳ್ಳಿ ಮಕ್ಕಳಿಗೆಂದೇ ಕಟ್ಟಿದ ಶಾಲೆ, ಕಾಲೇಜು, ವಿದ್ಯಾರ್ಥಿನಿಲಯಗಳಲ್ಲಿ ಓದಿದವರು ಇವತ್ತು ದೇಶ ವಿದೇಶದಲ್ಲಿದ್ದಾರೆ. ಮಠದ ಸಂಸ್ಥೆಗಳಲ್ಲಿ ಈಗ ಓದುತ್ತಿರುವ ಯುವಕ ಯುವತಿಯರಲ್ಲಿ ನಮ್ಮ ಪ್ರಾರ್ಥನೆ: ಪಕ್ಕದ ಹಳ್ಳಿಯ ಸರ್ಕಾರಿ ಶಾಲೆಯೊಂದನ್ನು ನಿಮ್ಮದು ಅಂದುಕೊಳ್ಳಿ. ಎನ್‌ಎಸ್‌ಎಸ್ ಶಿಬಿರದಲ್ಲಿ ಗೋಡೆಗೆ ಸುಣ್ಣ ಬಳಿದು ಬರುವಾಗ, ಒಂದು ಮೂಲೆಯಲ್ಲಿ ಮಕ್ಕಳ ಎದೆಮಟ್ಟಕ್ಕೆ ಎರಡು ಹಲಗೆ ಹೊಡೆದು ಪುಸ್ತಕದ ಮುಖ ಕಾಣುವಂತೆ ಜೋಡಿಸಿ ಬನ್ನಿ.

ಗ್ರಾಮ ಪಂಚಾಯ್ತಿ ಗ್ರಂಥಾಲಯವನ್ನೂ ಮರೆಯಬಾರದು. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ಶಾಲೆಗಳು ಮುಚ್ಚಿದ್ದ ಕೊರೊನಾ ಹೊತ್ತಿನಲ್ಲಿ ‘ಓದುವ ಬೆಳಕು’ ಎಂಬ ಅಭಿಯಾನ ಶುರುವಾಗಿ, ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಈಗ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು. ಹಲವು ಕಡೆ ಗೋಡೆಗೆ ಬಣ್ಣ ಬಂದಿದೆ, ಕಂಪ್ಯೂಟರ್ ಬಂದಿದೆ, ಮಕ್ಕಳ ಪುಸ್ತಕವೂ ಬಂದಿದೆ. ಇದು ನಿಜಕ್ಕೂ ಒಳ್ಳೆಯ ಕೆಲಸ. ತೊಡಕಿರುವುದು ದೂರದಲ್ಲಿ. ಒಂದು ಪಂಚಾಯ್ತಿಗೆ ಹಲವು ಹಳ್ಳಿ ಸೇರಿರುತ್ತವೆ, ಗ್ರಂಥಾಲಯ ಇರುವುದು ಕೇಂದ್ರಸ್ಥಾನದಲ್ಲಿ. ಮೂರು ಕಿಲೋಮೀಟರ್ ಆಚೆಯ ಹಳ್ಳಿಯ ಎರಡನೇ ತರಗತಿಯ ಮಗು, ಕಬ್ಬಿನ ಲಾರಿ ಓಡಾಡುವ ರಸ್ತೆಯಲ್ಲಿ ಒಂಟಿಯಾಗಿ ನಡೆದು ಬರಲಾರದು. ಮಗು ಬರಲಾಗದಿದ್ದರೆ ಪುಸ್ತಕ ಹೋಗಲಿ. ಪಂಚಾಯ್ತಿ ಸದಸ್ಯರು ಮನಸ್ಸು ಮಾಡಿದರೆ, ತಿಂಗಳಿಗೊಮ್ಮೆ 50 ಪುಸ್ತಕದ ಒಂದು ತಗಡಿನ ಪೆಟ್ಟಿಗೆ ಅರಿವು ಕೇಂದ್ರದಿಂದ ಒಂದೊಂದು ಶಾಲೆಗೆ ಹೋಗಿ, ಮುಂದಿನ ತಿಂಗಳು ಪಕ್ಕದ ಊರಿನ ಶಾಲೆಗೆ ಸಾಗಬಹುದು. ಆರು ಹಳ್ಳಿಗೆ ಆರು ಪೆಟ್ಟಿಗೆ ತಿರುಗಿದರೆ ಅರ್ಧ ವರ್ಷದಲ್ಲಿ ಪ್ರತಿ ಶಾಲೆಯ ಮಕ್ಕಳಿಗೂ 300 ಪುಸ್ತಕ ಸಿಕ್ಕಿದಂತಾಯಿತು. ಮಕ್ಕಳ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಮಕ್ಕಳ ಬಾಯಿಂದಲೇ ಇಡಿಸಿ. ಮಗು ಎದ್ದು ನಿಂತು ‘ನಮಗೆ ಕಥೆ ಪುಸ್ತಕ ಬೇಕು’ ಎಂದು ಕೇಳಿದರೆ ಅಧ್ಯಕ್ಷರು ಇಲ್ಲ ಎನ್ನುವುದು ಕಷ್ಟ.

ಇನ್ನು ಯಾವ ಪುಸ್ತಕ ಎಂಬ ಮಾತು. ದಾನಿಗಳಲ್ಲಿ ಮನಸ್ಸು ಬಿಚ್ಚಿ ಹೇಳಬೇಕಾದದ್ದು ಇಲ್ಲಿದೆ. ಮನೆ ಖಾಲಿ ಮಾಡುವಾಗ ಸಿಕ್ಕಿದ ಹಳೆಯ ಗೈಡು, ಹತ್ತು ವರ್ಷದ ಹಿಂದಿನ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಅಭಿನಂದನಾ ಗ್ರಂಥ, ದೊಡ್ಡವರ ಕಾದಂಬರಿ, ಇವುಗಳನ್ನು ಮೂಟೆ ಕಟ್ಟಿ ಶಾಲೆಗೆ ತಂದಿಳಿಸಿ ಫೋಟೋ ತೆಗೆಸಿಕೊಳ್ಳಬೇಡಿ. ಅವು ಮಗುವಿಗೆ ಬೇಡ, ಬೀರುವಿಗೆ ಭಾರ. ಎರಡು ಸಾಲು ಅಕ್ಷರಕ್ಕೆ ಒಂದು ದೊಡ್ಡ ಚಿತ್ರ ಇರುವ ಪುಸ್ತಕ ಚಿಕ್ಕವರಿಗೆ ಬೇಕು. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಬೆಂಗಳೂರಿನಲ್ಲೇ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಇಂಥವನ್ನು ಕೈಗೆಟುಕುವ ಬೆಲೆಗೆ ತಂದಿವೆ. ಪ್ರಥಮ್ ಬುಕ್ಸಿನವರ ಸ್ಟೋರಿವೀವರ್ ತಾಣದಲ್ಲಿ ನೂರಾರು ಕನ್ನಡ ಕಥೆಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು. ತಾಲ್ಲೂಕು ಕೇಂದ್ರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವವರು ತಿಂಗಳಿಗೆ ಹತ್ತು ಕಥೆ ಮುದ್ರಿಸಿ ಕೊಟ್ಟರೂ ಪುಣ್ಯದ ಕೆಲಸ. ಸ್ವಲ್ಪ ದೊಡ್ಡವರಿಗೆ ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ, ಕುವೆಂಪು ಅವರ ‘ಕಿಂದರಿಜೋಗಿ’ ಇರಲೇಬೇಕು. ಅಷ್ಟಕ್ಕೇ ನಿಲ್ಲಬೇಡಿ. ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲಸಾಹಿತ್ಯ ಪುರಸ್ಕಾರ ಶುರುಮಾಡಿದಾಗ ಕನ್ನಡಕ್ಕೆ ಅದನ್ನು ತಂದ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’, 2022ರಲ್ಲಿ ಅದೇ ಪುರಸ್ಕಾರ ಪಡೆದ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ನಾ. ಡಿಸೋಜರ ಮಕ್ಕಳ ಕಾದಂಬರಿಗಳು ಇವತ್ತಿನ ಮಕ್ಕಳ ಮಾತಿಗೆ ಹತ್ತಿರ.

ನಮ್ಮ ನೆಲದ್ದೂ ಇರಲಿ. ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿ, ಮೇಲುಕೋಟೆಯ ಪು.ತಿ.ನ., ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್, ಬೆಳ್ಳೂರಿನ ಹೆಸರನ್ನು ತಮ್ಮ ಹೆಸರಿನ ಮೊದಲ ಅಕ್ಷರದಲ್ಲಿ ಹೊತ್ತ ಬಿ.ಎಂ.ಶ್ರೀ. ಇವರೆಲ್ಲ ಈ ತಾಲ್ಲೂಕುಗಳವರು ಎಂಬುದು ಇಲ್ಲಿನ ಮಕ್ಕಳಿಗೆ ಗೊತ್ತಾಗಬೇಡವೆ? ನಾಗಮಂಗಲ ತಾಲ್ಲೂಕಂತೂ ಜಾನಪದಕ್ಕೆ ಇಬ್ಬರು ಹಿರಿಯರನ್ನು ಕೊಟ್ಟಿದೆ: ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು, ಅಂಬಲಜೀರಹಳ್ಳಿಯ ಜೀ.ಶಂ. ಪರಮಶಿವಯ್ಯನವರು. ಅವರು ಊರೂರು ಸುತ್ತಿ ಅಜ್ಜಿಯರ ಬಾಯಿಂದ ಬರೆದುಕೊಂಡ ಕಥೆ, ಹಾಡು, ಒಗಟುಗಳು ಆ ಅಜ್ಜಿಯರ ಮರಿಮಕ್ಕಳಿಗೆ ಮರಳಿ ಸಿಗಬೇಕು. ಮಕ್ಕಳೇ ಮನೆಯಲ್ಲಿ ಕೇಳಿದ ಕಥೆಯನ್ನು ಬರೆದು, ಚಿತ್ರ ಬಿಡಿಸಿ, ದಾರದಲ್ಲಿ ಹೊಲಿದು ಒಂದು ಪುಸ್ತಕ ಮಾಡಿ ಹಲಗೆಯ ಮೇಲಿಟ್ಟರೆ ಅದನ್ನು ಓದಲು ನೂಕುನುಗ್ಗಲಾಗುತ್ತದೆ. ಚುಂಚ, ಕಂಚರೆಂಬ ರಕ್ಕಸರ ಕಥೆ ಆದಿಚುಂಚನಗಿರಿ ಬೆಟ್ಟದ ಸುತ್ತಲಿನ ಪ್ರತಿ ಮನೆಯಲ್ಲೂ ಇದೆ, ಹೇಳುವವರು ಇನ್ನೂ ಇದ್ದಾರೆ. ಬೆಟ್ಟದ ನವಿಲುಗಳನ್ನು ದಿನಾ ನೋಡುವ ಮಗುವಿಗೆ ನವಿಲಿನ ಬಗ್ಗೆ ಒಂದು ಬಣ್ಣದ ಪುಸ್ತಕ, 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನ ಪಕ್ಕದ ಶಾಲೆಗೆ ಕೊಕ್ಕರೆ, ಬೆಳ್ಳಕ್ಕಿ, ಚಮಚದ ಕೊಕ್ಕಿನ ಹಕ್ಕಿಗಳ ಪುಸ್ತಕ ಕೊಟ್ಟು ನೋಡಿ. ಕಣ್ಣಿನಲ್ಲಿ ಕಂಡದ್ದು ಪುಟದಲ್ಲಿ ಸಿಕ್ಕಿದಾಗ ಮಗು ಓದುವುದನ್ನು ನಿಲ್ಲಿಸುವುದಿಲ್ಲ.

ಪುಸ್ತಕ ಮಗುವಿನ ಜೊತೆ ಮನೆಗೆ ಹೋಗಲೇಬೇಕು. ಶಾಲೆಯಲ್ಲಿ ನೋಡಿ ಅಲ್ಲೇ ಇಟ್ಟು ಹೋಗುವುದಾದರೆ ಅರ್ಧ ಲಾಭ. ಓದು ಬಾರದ ಅವ್ವ ಒಲೆಯ ಮುಂದೆ ಕುಳಿತು ‘ಅದೇನ್ ಬರ್ದದೆ, ಗಟ್ಟಿಯಾಗ್ ಓದ್ ಮಗ’ ಎನ್ನುವುದು, ಮಗು ಓದಿ ಹೇಳುವುದು, ಅಜ್ಜಿ ನಡುವೆ ಬಾಯಿ ಹಾಕಿ ‘ಇಂಥದ್ದೇ ಒಂದ್ ಕತೆ ನಮ್ಮಪ್ಪ ಹೇಳ್ತಿದ್ದ’ ಎನ್ನುವುದು, ಈ ಓದು ಯಾವ ಟ್ಯೂಷನ್ನಿನಲ್ಲೂ ಸಿಗುವುದಿಲ್ಲ. ಅದರಲ್ಲೂ ಏಪ್ರಿಲ್, ಮೇ ರಜೆಯಲ್ಲಿ ಮಕ್ಕಳಿಗೆ ಪುರುಸೊತ್ತು ಇರುವಾಗಲೇ ಶಾಲೆಗೆ ಬೀಗ ಬಿದ್ದಿರುತ್ತದೆ. ರಜೆಗೆ ಮೊದಲು ಪ್ರತಿ ಮಗುವಿಗೂ ಐದು ಪುಸ್ತಕ ಕೊಟ್ಟು ಕಳಿಸಿ, ಅಥವಾ ಎರಡು ತಿಂಗಳ ಮಟ್ಟಿಗೆ ಸಂಘದ ಮನೆಯಲ್ಲೋ ಡೈರಿ ಕಟ್ಟಡದಲ್ಲೋ ಪುಸ್ತಕ ಇಟ್ಟುಕೊಳ್ಳಿ. ಹಾಲು ಹಾಕಲು ಬಂದ ಮಗು ಕ್ಯಾನು ಕೆಳಗಿಟ್ಟು ಪುಸ್ತಕ ಬದಲಾಯಿಸಿಕೊಂಡು ಹೋಗಲಿ.

ದುಡ್ಡಿನ ಮಾತು ಕೊನೆಗೆ ಬರಲಿ ಎಂದು ಉಳಿಸಿಕೊಂಡೆ, ಯಾಕೆಂದರೆ ಇದರಲ್ಲಿ ದುಡ್ಡು ಸಣ್ಣ ವಿಚಾರ. ನಮ್ಮ ಕಡೆ ಮದುವೆಯಾದ ಮೇಲೆ ಬೀಗರೂಟ ನಡೆಯದ ಮನೆಯಿಲ್ಲ. ಎಷ್ಟು ಮರಿ ಕಡಿದರು ಎಂಬುದರ ಮೇಲೆ ಊರಲ್ಲಿ ಮಾತು ನಡೆಯುತ್ತದೆ. ಊಟ ಬಿಡಿ ಎಂದು ಹೇಳುವುದಿಲ್ಲ. ನೆಂಟರನ್ನು ಕರೆದು ಉಣಬಡಿಸುವುದು ನಮ್ಮ ಸೀಮೆಯ ದೊಡ್ಡತನ. ಹತ್ತು ಮರಿ ಕಡಿಯುವ ಕಡೆ ಒಂದು ಮರಿಯ ದುಡ್ಡನ್ನು ಶಾಲೆಗೆ ತೆಗೆದಿಡಿ. ಒಂದು ಮರಿಗೆ ಹತ್ತು ಹನ್ನೆರಡು ಸಾವಿರ ಎಂದು ಹಿಡಿಯಿರಿ. ತಲಾ ಐವತ್ತು ಅರವತ್ತು ರೂಪಾಯಿಯ ಮಕ್ಕಳ ಪುಸ್ತಕ ಸುಮಾರು 200 ಬರುತ್ತವೆ. ಒಂದು ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗೆ ಅಷ್ಟು ಸಾಕು. ಪುಸ್ತಕದ ಮೊದಲ ಪುಟದಲ್ಲಿ ಮದುಮಕ್ಕಳ ಹೆಸರು ಬರೆಸಿ. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ನಿಲ್ಲಿಸುವ ಫ್ಲೆಕ್ಸಿನ ಬದಲು ಒಂದು ವರ್ಷದ ಮಕ್ಕಳ ಪತ್ರಿಕೆಗೆ ಚಂದಾ ಕಟ್ಟಿ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳು ಯುಗಾದಿಗೆ, ಮಾರಮ್ಮನ ಹಬ್ಬಕ್ಕೆ ಊರಿಗೆ ಬರುವಾಗ ಒಬ್ಬೊಬ್ಬರು ಐದೈದು ಪುಸ್ತಕ ತನ್ನಿ. ಕನ್ನಡ ಪುಸ್ತಕ ಪ್ರಾಧಿಕಾರ ನವೆಂಬರ್ ತಿಂಗಳಲ್ಲಿ ತನ್ನ ಪ್ರಕಟಣೆಗಳನ್ನು ಅರ್ಧ ಬೆಲೆಗೆ ಕೊಡುತ್ತದೆ, ಅದನ್ನೂ ನೆನಪಿಡಿ. ಆದರೆ ತರುವ ಮೊದಲು ಶಿಕ್ಷಕರನ್ನು ಕೇಳಿ, ಸಾಧ್ಯವಾದರೆ ಮಕ್ಕಳನ್ನೂ ಕೇಳಿ. ಅವರಿಗೆ ಏನು ಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಮಕ್ಕಳ ಸಂಖ್ಯೆ ಕಡಿಮೆಯಾಗಿ ನಮ್ಮ ಸರ್ಕಾರಿ ಶಾಲೆಗಳು ಒಂದೊಂದಾಗಿ ಸೊರಗುತ್ತಿರುವ ಹೊತ್ತಿದು. ಕಾನ್ವೆಂಟಿನ ಹಳದಿ ವ್ಯಾನು ಬಾಗಿಲಿಗೇ ಬಂದು ಮಕ್ಕಳನ್ನು ಕರೆದೊಯ್ಯುತ್ತದೆ. ಉಳಿದಿರುವವರು ಹೆಚ್ಚಾಗಿ ಕೂಲಿಯವರ, ಸಣ್ಣ ಹಿಡುವಳಿದಾರರ, ಕಬ್ಬು ಕಡಿಯಲು ವಲಸೆ ಬಂದವರ ಮಕ್ಕಳು. ಅವರ ಮನೆಯಲ್ಲಿ ಪುಸ್ತಕದ ಕಪಾಟು ಇಲ್ಲ. ಶಾಲೆ ಕೊಡದಿದ್ದರೆ ಅವರಿಗೆ ಬೇರೆ ಯಾರೂ ಕೊಡುವವರಿಲ್ಲ.

ಮೇ ಕೊನೆಗೆ ಶಾಲೆಗಳು ಮತ್ತೆ ತೆರೆಯುತ್ತವೆ. ಅಷ್ಟರೊಳಗೆ ನಿಮ್ಮೂರಿನಲ್ಲಿ ಒಂದು ಸಭೆ ಕರೆಯಿರಿ. ಎಸ್‌ಡಿಎಂಸಿ ಅಧ್ಯಕ್ಷರು, ಮುಖ್ಯಶಿಕ್ಷಕರು, ಪಂಚಾಯ್ತಿ ಸದಸ್ಯರು, ಅರಿವು ಕೇಂದ್ರದ ಮೇಲ್ವಿಚಾರಕರು, ಸಂಘದ ಹೆಣ್ಣುಮಕ್ಕಳು, ಇಷ್ಟು ಜನ ಒಂದು ಸಂಜೆ ಕೂತರೆ ಸಾಕು. ಪುಸ್ತಕ ಹರಿದರೆ ಊರು ಹೊಣೆ ಎಂದು ನಡಾವಳಿಯಲ್ಲಿ ಬರೆದು ಸಹಿ ಹಾಕಿ. ವಾರಕ್ಕೆ ಎರಡು ಓದಿನ ಅವಧಿ ಗೊತ್ತುಮಾಡಿ. ಶನಿವಾರ ಯಾರು ಕಥೆ ಹೇಳಲು ಹೋಗುತ್ತಾರೆ ಎಂದು ಹೆಸರು ಬರೆದುಕೊಳ್ಳಿ, ಮೊದಲ ಹೆಸರು ನಿಮ್ಮದೇ ಇರಲಿ.